9 ಸೀಟು ಗೆದ್ದರೂ ಅಧಿಕಾರ ಇಲ್ಲವೇಕೆ? ಇಂಗ್ಲೆಂಡಿನ ಕೌನ್ಸಿಲ್ ಫಲಿತಾಂಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೇ ತಿಂಗಳ ಮೊದಲ ಗುರುವಾರ ಕಳೆದರೆ ಸಾಕು, ಮಕ್ಕಳು ಇಂಗ್ಲೆಂಡಿನಲ್ಲಿರುವ ಮನೆಗಳ ವಾಟ್ಸಾಪ್‌ಗೆ ಅಲ್ಲಿನ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯ ಫಲಿತಾಂಶದ ಹಾಳೆಗಳು ಬಂದು ಬೀಳುತ್ತವೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಆ ಹಾಳೆಗಳನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆಗಳಿವು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಸಫೋಕ್‌ನಲ್ಲಿದ್ದಾಳೆ. ಅಲ್ಲಿ ‘ಡಿಸ್ಟ್ರಿಕ್ಟ್ ಕೌನ್ಸಿಲ್’ ಚುನಾವಣೆ ಅಂದಳು. ಅದು ನಮ್ಮ ಜಿಲ್ಲಾ ಪಂಚಾಯ್ತಿ ಇದ್ದ ಹಾಗೆಯೇ?
– ಮೂಡಿಗೆರೆಯ ಓದುಗರು

ಉತ್ತರ: ಹೆಸರು ನೋಡಿ ಮೋಸಹೋಗಬೇಡಿ. ಅಲ್ಲಿನ ಡಿಸ್ಟ್ರಿಕ್ಟ್ ಗಾತ್ರದಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ, ಚಿಕ್ಕಮಗಳೂರಿನದು 11.38 ಲಕ್ಷ. ಸಫೋಕ್ ಕೌಂಟಿಯೊಳಗಿನ ಮಿಡ್ ಸಫೋಕ್ ಡಿಸ್ಟ್ರಿಕ್ಟ್‌ನಲ್ಲಿ ಇರುವವರು ಸುಮಾರು 1 ಲಕ್ಷ. ಜಿಲ್ಲೆಗೆ ಹೋಲಿಸಬೇಕಾದದ್ದು ಕೌಂಟಿಯನ್ನು. ಕೆಳಗೆ ಪ್ಯಾರಿಷ್ ಕೌನ್ಸಿಲ್ ಅಂತ ಇನ್ನೊಂದು ಮೆಟ್ಟಿಲಿದೆ, ಅದು ಗ್ರಾಮ ಪಂಚಾಯ್ತಿಯ ಜಾಗದಲ್ಲಿ ನಿಲ್ಲುತ್ತದೆ.

ಈ ಏರ್ಪಾಡು 1972ರ ಸ್ಥಳೀಯ ಸರ್ಕಾರ ಕಾಯ್ದೆಯದು, ಜಾರಿಯಾದದ್ದು 1974ರ ಏಪ್ರಿಲ್ 1ಕ್ಕೆ. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ ಕೌಂಟಿಯ ಪಾಲು. ಮನೆ ಕಟ್ಟಲು ಅನುಮತಿ, ಕಸ ಎತ್ತುವುದು, ವಸತಿ, ಹೋಟೆಲುಗಳ ಸ್ವಚ್ಛತೆಯ ತಪಾಸಣೆ, ಮತದಾರರ ಪಟ್ಟಿ ಇವೆಲ್ಲ ಡಿಸ್ಟ್ರಿಕ್ಟ್‌ನ ಪಾಲು. ಮನೆಯ ಮೇಲಿನ ಕೌನ್ಸಿಲ್ ಟ್ಯಾಕ್ಸನ್ನು ಎಲ್ಲರ ಪರವಾಗಿ ವಸೂಲಿ ಮಾಡುವುದೂ ಡಿಸ್ಟ್ರಿಕ್ಟೇ, ಆದರೆ ಅದರಲ್ಲಿ ತನಗೆ ಉಳಿಯುವುದು ಸಣ್ಣ ಪಾಲು. ಗುಂಡಿ ಬಿದ್ದ ರಸ್ತೆಯ ಸಿಟ್ಟನ್ನು ಡಿಸ್ಟ್ರಿಕ್ಟ್ ಅಭ್ಯರ್ಥಿಯ ಮೇಲೆ ತೀರಿಸುವುದು ಅಲ್ಲೂ ನಡೆದೇ ಇದೆ. ಆ ರಸ್ತೆ ಅವರ ಕೈಯಲ್ಲಿರುವುದಿಲ್ಲ.

ಪ್ರಶ್ನೆ: ಮಗ ಕಳಿಸಿದ ಹಾಳೆಯಲ್ಲಿ ಒಂದೇ ವಾರ್ಡಿಗೆ ಮೂವರು ಗೆದ್ದಿದ್ದಾರೆ. ಮತ ಹಾಕಿದವರು ಎರಡು ಸಾವಿರದಷ್ಟು, ಅಭ್ಯರ್ಥಿಗಳ ಮತ ಕೂಡಿಸಿದರೆ ಐದು ಸಾವಿರ ದಾಟುತ್ತದೆ. ಅಕ್ರಮ ಏನಾದರೂ ನಡೆದಿದೆಯೇ?
– ಹಾಸನದ ಓದುಗರು

ಉತ್ತರ: ಅಕ್ರಮವಿಲ್ಲ. ಅದು ಮೂರು ಸೀಟಿನ ವಾರ್ಡ್. ಒಂದು ವಾರ್ಡಿಗೆ 1, 2 ಅಥವಾ 3 ಸೀಟು ಇರುತ್ತವೆ. ಎಷ್ಟು ಸೀಟಿಗೆ ಚುನಾವಣೆಯೋ ಅಷ್ಟು ಮತ ಹಾಕುವ ಹಕ್ಕು ಪ್ರತಿ ಮತದಾರರಿಗೆ, ಒಬ್ಬ ಅಭ್ಯರ್ಥಿಗೆ ಒಂದೇ. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಎರಡು ಮೂರು ಸೀಟಿನ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ. ವ್ಯತ್ಯಾಸ ಒಂದೇ: ನಮ್ಮಲ್ಲಿ ಸೀಟಿಗೆ ಮೀಸಲಾತಿ ಇರುವುದರಿಂದ ಹೆಚ್ಚು ಮತ ಬಂದವರೇ ಗೆಲ್ಲುತ್ತಾರೆಂದು ಹೇಳಲಾಗದು. ಅಲ್ಲಿ ಮೀಸಲಾತಿ ಇಲ್ಲ, ಮೇಲಿನಿಂದ ಮೂವರನ್ನು ಎಣಿಸಿಕೊಂಡರೆ ಮುಗಿಯಿತು.

ಲೆಕ್ಕ ಸ್ಪಷ್ಟವಾಗಲಿ ಅಂತ ಒಂದು ವಾರ್ಡನ್ನು ಊಹಿಸಿಕೊಳ್ಳೋಣ. ಮತದಾರರು 6,300, ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರ 2,100. ಮತದಾನ ಪ್ರಮಾಣ ಶೇ 33.3, ಅಲ್ಲಿಗೆ ಇದು ಮಾಮೂಲಿ. 12 ಮತಪತ್ರ ತಿರಸ್ಕೃತವಾದರೆ ಉಳಿದದ್ದು 2,088. ಎಲ್ಲರೂ ಮೂರೂ ಮತ ಹಾಕಿದ್ದರೆ ಮೊತ್ತ 6,264 ಆಗಬೇಕಿತ್ತು. ‘ಅ’ ಪಕ್ಷದ ಮೂವರಿಗೆ 940, 905, 861. ‘ಬ’ ಪಕ್ಷದ ಮೂವರಿಗೆ 890, 742, 680. ‘ಕ’ ಪಕ್ಷದ ಒಬ್ಬನೇ ಅಭ್ಯರ್ಥಿಗೆ 412 ಬಂದಿವೆ ಅನ್ನಿ. ಕೂಡಿಸಿದರೆ 5,430. ಅಂದರೆ ಒಂದು ಮತಪತ್ರಕ್ಕೆ ಸರಾಸರಿ 2.6 ಗುರುತು. ಕೆಲವರು ಒಂದೋ ಎರಡೋ ಗುರುತು ಹಾಕಿ ಬಂದಿದ್ದಾರೆ, ಅದು ಸಿಂಧು. ಹಾಗಾಗಿ ಒಟ್ಟು ಮತವನ್ನು 3ರಿಂದ ಭಾಗಿಸಿ ಮತದಾನ ಎಷ್ಟಾಯಿತೆಂದು ಹೇಳಬಾರದು. ಮತಪತ್ರದ ಸಂಖ್ಯೆಯನ್ನೇ ಹುಡುಕಿ, ಹಾಳೆಯ ಕೆಳತುದಿಯಲ್ಲಿ ಇರುತ್ತದೆ.

ಗೆದ್ದವರು 940, 905 ಮತ್ತು 890 ಪಡೆದವರು. ‘ಅ’ಗೆ ಎರಡು ಸೀಟು, ‘ಬ’ಗೆ ಒಂದು. ಗೆಲುವಿನ ಅಂತರ ಅಂದರೆ ಮೊದಲನೆಯವರಿಗೂ ಎರಡನೆಯವರಿಗೂ ಇರುವ 35 ಅಲ್ಲ. ಗೆದ್ದ ಕೊನೆಯವರಿಗೂ ಸೋತ ಮೊದಲಿಗರಿಗೂ ಇರುವ 29. ಹಾಳೆಯಲ್ಲಿ ಹೆಸರುಗಳು ಸಾಮಾನ್ಯವಾಗಿ ಕುಲನಾಮದ ಅಕ್ಷರಕ್ರಮದಲ್ಲಿರುತ್ತವೆ, ಮತದ ಕ್ರಮದಲ್ಲಲ್ಲ. ಮೊದಲ ಸಾಲಿನಲ್ಲಿ ಹೆಸರು ಕಂಡಿತೆಂದು ಸಿಹಿ ಹಂಚಬೇಡಿ, ‘ಎಲೆಕ್ಟೆಡ್’ ಅನ್ನುವ ಪದ ಯಾರ ಮುಂದಿದೆ ನೋಡಿ.

ಪಕ್ಷಗಳ ಬಲ ಅಳೆಯುವಾಗ ಇನ್ನೂ ಎಚ್ಚರ ಬೇಕು. ಒಟ್ಟು ಮತದ ಮೇಲೆ ಲೆಕ್ಕ ಹಾಕಿದರೆ ‘ಕ’ಗೆ ಶೇ 7.6 ಮಾತ್ರ. ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದವರನ್ನಷ್ಟೇ ತೆಗೆದುಕೊಂಡರೆ (940, 890, 412) ಅದೇ ‘ಕ’ಗೆ ಶೇ 18.4. ಅಭ್ಯರ್ಥಿ ಒಬ್ಬನೇ ಆದ್ದರಿಂದ ಮೊದಲ ಲೆಕ್ಕದಲ್ಲಿ ಆ ಪಕ್ಷ ಕುಗ್ಗಿ ಕಂಡಿತು. ನಿಜದಲ್ಲಿ ಸುಮಾರು ಐವರಲ್ಲಿ ಒಬ್ಬ ಮತದಾರ ಅವನಿಗೆ ಗುರುತು ಹಾಕಿದ್ದಾನೆ. ನಮ್ಮ ಮಟ್ಟಿಗೆ ಎರಡನೆಯದೇ ಒಪ್ಪುವ ಲೆಕ್ಕ. ಯಾವ ಲೆಕ್ಕವೆಂದು ಹೇಳದೆ ಶೇಕಡಾವಾರು ಕೊಡುವ ಪೋಸ್ಟರುಗಳನ್ನು ನಂಬಬೇಡಿ.

ಪ್ರಶ್ನೆ: 13 ಸೀಟಿನ ಚುನಾವಣೆಯಲ್ಲಿ ಒಂದು ಪಕ್ಷ 9 ಗೆದ್ದಿದೆ. ಆದರೂ ಕೌನ್ಸಿಲ್ ಹೆಸರಿನ ಮುಂದೆ ‘ಎನ್‌ಓಸಿ’ ಅಂತಿದೆ. ಇದ್ಯಾವ ನಿರಾಕ್ಷೇಪಣಾ ಪತ್ರ?
– ಅರಸೀಕೆರೆಯ ಓದುಗರು

ಉತ್ತರ: ಆಫೀಸಿನ ಎನ್‌ಓಸಿ ಅಲ್ಲ, ‘ನೋ ಓವರಾಲ್ ಕಂಟ್ರೋಲ್’, ಯಾರಿಗೂ ಅರ್ಧಕ್ಕಿಂತ ಹೆಚ್ಚು ಸೀಟಿಲ್ಲ ಎಂದರ್ಥ. ನೀವು ನೋಡಿದ ಕೌನ್ಸಿಲ್ ಮೂರನೇ ಒಂದರಷ್ಟು ಸೀಟಿಗೆ ಮಾತ್ರ ಚುನಾವಣೆ ನಡೆಸುವ ಜಾತಿಯದು. ಕೌನ್ಸಿಲ್‌ನ ಪೂರ್ತಿ ಬಲ 39 ಆಗಿದ್ದರೆ ಈ ಸಲ ಚುನಾವಣೆಯಾದದ್ದು 13ಕ್ಕೆ, ಉಳಿದ 26 ಮಂದಿ ಹಾಗೇ ಕೂತಿದ್ದಾರೆ. ಆ 26ರಲ್ಲಿ ಈ ಪಕ್ಷದವರು 8 ಎಂದಿಟ್ಟುಕೊಳ್ಳಿ. 8 ಮತ್ತು 9 ಸೇರಿ 17. ಬಹುಮತಕ್ಕೆ 20 ಬೇಕು.

ಅಲ್ಲಿ ಮೂರು ಪದ್ಧತಿಗಳಿವೆ. ಬಹಳಷ್ಟು ಡಿಸ್ಟ್ರಿಕ್ಟ್‌ಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಚುನಾವಣೆ: 2019, 2023, ಹೀಗೆ. ಕೆಲವು ಕಡೆ ಮೂರು ವರ್ಷ ಸತತವಾಗಿ ಮೂರನೇ ಒಂದು ಭಾಗಕ್ಕೆ ನಡೆಸಿ, ನಾಲ್ಕನೇ ವರ್ಷ ಕೌಂಟಿ ಚುನಾವಣೆಗೆ ಬಿಡುತ್ತಾರೆ. ಆಕ್ಸ್‌ಫರ್ಡ್‌ನಂಥ ಬೆರಳೆಣಿಕೆಯ ಕಡೆ ಎರಡು ವರ್ಷಕ್ಕೊಮ್ಮೆ ಅರ್ಧ. ಆದ್ದರಿಂದ ಹಾಳೆ ಕೈಗೆ ಬಂದೊಡನೆ ಮೊದಲು ಕೇಳಬೇಕಾದದ್ದು ‘ಯಾರು ಎಷ್ಟು ಗೆದ್ದರು’ ಅಲ್ಲ, ‘ಎಷ್ಟರಲ್ಲಿ ಎಷ್ಟಕ್ಕೆ ಚುನಾವಣೆ ನಡೆಯಿತು’ ಎಂಬುದು.

ಹೋಲಿಕೆಯಲ್ಲೂ ಇದೇ ಎಡವಟ್ಟು. ಮೂರನೇ ಒಂದರ ಪದ್ಧತಿಯಲ್ಲಿ ಈ ವರ್ಷದ ಫಲಿತಾಂಶವನ್ನು ಕಳೆದ ವರ್ಷದ್ದಕ್ಕೆ ಹೋಲಿಸಿದರೆ ಬೇರೆ ಸೀಟುಗಳನ್ನು ಹೋಲಿಸಿದಂತೆ. ಅದೇ ಸೀಟು ಹಿಂದೆ ಯಾವಾಗ ಚುನಾವಣೆಗೆ ಬಂದಿತ್ತೋ ಆ ವರ್ಷ ತೆಗೆಯಬೇಕು, ಸಾಮಾನ್ಯವಾಗಿ ನಾಲ್ಕು ವರ್ಷ ಹಿಂದಿನದು. 2024ರದಕ್ಕೆ ಮಾತ್ರ 2021 ನೋಡಿ. ಕೋವಿಡ್‌ನಿಂದ 2020ರ ಮೇ ಚುನಾವಣೆಯನ್ನು ಒಂದು ವರ್ಷ ಮುಂದೂಡಿದ್ದರು, ಆಗ ಗೆದ್ದವರಿಗೆ ಸಿಕ್ಕಿದ್ದು ಮೂರೇ ವರ್ಷ. ಇನ್ನೊಂದು: ಈ ಪದ್ಧತಿಯ ವಾರ್ಡಿನಲ್ಲಿ ಯಾರೋ ರಾಜೀನಾಮೆ ಕೊಟ್ಟು ಒಂದರ ಬದಲು ಎರಡು ಸೀಟಿಗೆ ಚುನಾವಣೆ ಆಗಿದ್ದರೆ, ಹೆಚ್ಚು ಮತ ಬಂದವರಿಗೆ ಪೂರ್ತಿ ಅವಧಿ, ಕಡಿಮೆ ಬಂದವರಿಗೆ ಉಳಿಕೆ ಅವಧಿ.

ಪ್ರಶ್ನೆ: ಬಹುಮತ ಇಲ್ಲದಿದ್ದರೆ ಮುಂದೇನು? ಸದಸ್ಯರನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ?
– ಬೇಲೂರಿನ ಓದುಗರು

ಉತ್ತರ: ನಿಮ್ಮ ಪ್ರಶ್ನೆಯ ಎರಡನೇ ಭಾಗ ಅರ್ಥವಾಯಿತು! ಚಿಕ್ಕಮಗಳೂರಿನ ರೆಸಾರ್ಟಿನವರಿಗೆ ಅಲ್ಲಿ ವ್ಯಾಪಾರವಿಲ್ಲ.

ಹಳೇ ಸದಸ್ಯರು ಚುನಾವಣೆಯ ದಿನದಿಂದ ನಾಲ್ಕನೇ ದಿನ ನಿವೃತ್ತರಾಗುತ್ತಾರೆ, ಹೊಸಬರು ಅಂದೇ ಬರುತ್ತಾರೆ. ಅದಾದ 21 ದಿನದೊಳಗೆ ವಾರ್ಷಿಕ ಸಭೆ ಸೇರಬೇಕು. ಮೊದಲ ಕೆಲಸ ಅಧ್ಯಕ್ಷರ ಆಯ್ಕೆ. ಈ ಅಧ್ಯಕ್ಷರು ಸಭೆ ನಡೆಸುವವರು, ಡಿಸ್ಟ್ರಿಕ್ಟ್ ತನ್ನನ್ನು ‘ಬರೋ’ (borough) ಎಂದು ಕರೆಸಿಕೊಳ್ಳುವ ಕಡೆ ಇವರೇ ಮೇಯರ್. ಸಾಮಾನ್ಯವಾಗಿ ಅಧಿಕಾರ ಇರುವುದು ಅದೇ ಸಭೆಯಲ್ಲಿ ಆರಿಸುವ ‘ಲೀಡರ್’ ಕೈಯಲ್ಲಿ. ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚು ಮತ ಬಂದರೆ ಸಾಕು, ಒಟ್ಟು ಬಲದ ಅರ್ಧ ದಾಟಬೇಕಿಲ್ಲ. ಹಾಗಾಗಿ ಎರಡು ಪಕ್ಷ ಕೂಡಿಕೊಳ್ಳಬಹುದು, ಇಲ್ಲವೇ ಮೂರನೆಯವರು ತಟಸ್ಥರಾಗಿ ಉಳಿದು ದೊಡ್ಡ ಪಕ್ಷ ಅಲ್ಪಮತದಲ್ಲೇ ಆಡಳಿತ ಹಿಡಿಯಬಹುದು. ಲೀಡರ್ ಇಲ್ಲದೆ ಸಮಿತಿಗಳೇ ತೀರ್ಮಾನಿಸುವ ಪದ್ಧತಿಗೆ ಮರಳಲು 2011ರ ಲೋಕಲಿಸಂ ಕಾಯ್ದೆ ದಾರಿ ಬಿಟ್ಟಿದೆ, ಕೆಲವು ಕೌನ್ಸಿಲ್‌ಗಳು ಹಾಗೆ ಮಾಡಿವೆ.

ಅಧ್ಯಕ್ಷರ ಆಯ್ಕೆಯಲ್ಲಿ ಒಂದು ಸ್ವಾರಸ್ಯವಿದೆ. ಆ ಸಭೆ ನಡೆಸುವುದು ಹಳೇ ಅಧ್ಯಕ್ಷರು. ಅವರು ಚುನಾವಣೆಯಲ್ಲಿ ಸೋತಿದ್ದರೂ ಹೊಸಬರು ಆಯ್ಕೆಯಾಗುವ ತನಕ ಕುರ್ಚಿ ಅವರದೇ. ಸದಸ್ಯರಾಗಿ ಮತ ಹಾಕುವಂತಿಲ್ಲ. ಆದರೆ ಮತಗಳು ಸಮವಾದರೆ ನಿರ್ಣಾಯಕ ಮತ ಹಾಕಲೇಬೇಕು. ಎರಡು ಬಣ ಸರಿಸಮವಾಗಿ ನಿಂತಿರುವ ಕೌನ್ಸಿಲ್‌ನಲ್ಲಿ, ಜನ ಮನೆಗೆ ಕಳಿಸಿದವರ ಆ ಒಂದು ಮತದಿಂದ ಬರುವ ಅಧ್ಯಕ್ಷರು ವರ್ಷಪೂರ್ತಿ ತಾವೂ ನಿರ್ಣಾಯಕ ಮತ ಇಟ್ಟುಕೊಂಡಿರುತ್ತಾರೆ.

ಪಕ್ಷಾಂತರ ನಿಷೇಧ ಅಲ್ಲಿಲ್ಲ. ಕರ್ನಾಟಕದಲ್ಲಿ 1987ರ ಕಾಯ್ದೆ ಸ್ಥಳೀಯ ಸಂಸ್ಥೆಗಳ ಪಕ್ಷಾಂತರಿಗಳ ಸದಸ್ಯತ್ವ ಕಿತ್ತುಕೊಳ್ಳುತ್ತದೆ. ಅಲ್ಲಿ ಗೆದ್ದ ಮರುದಿನವೇ ಪಕ್ಷ ಬಿಟ್ಟರೂ ಸೀಟು ಉಳಿಯುತ್ತದೆ. ಆದ್ದರಿಂದ ಫಲಿತಾಂಶದ ದಿನದ ಬಲಾಬಲ ವರ್ಷದ ಕೊನೆಗೆ ಅದೇ ಇರುತ್ತದೆಂದು ನೆಚ್ಚಬೇಡಿ.

ಸ್ಪಷ್ಟ ಬಹುಮತಕ್ಕೆ ಒಂದು ಉದಾಹರಣೆ ಬೇಕಿದ್ದರೆ, ಮೊದಲ ಪ್ರಶ್ನೆಯಲ್ಲಿ ಬಂದ ಮಿಡ್ ಸಫೋಕ್ ಇದೆ. 2023ರ ಮೇ 4ರಂದು ಅಲ್ಲಿನ 34 ಸೀಟಿಗೂ ಚುನಾವಣೆ ನಡೆಯಿತು. ಗ್ರೀನ್ ಪಕ್ಷಕ್ಕೆ 24, ಕನ್ಸರ್ವೇಟಿವ್‌ಗೆ 6, ಲಿಬರಲ್ ಡೆಮಾಕ್ರಟ್‌ಗೆ 4. ಬೇಕಿದ್ದದ್ದು 18. ಬ್ರಿಟನ್ನಿನಲ್ಲಿ ಗ್ರೀನ್ ಪಕ್ಷ ಒಂದು ಕೌನ್ಸಿಲನ್ನು ಪೂರ್ಣ ಬಹುಮತದಿಂದ ಹಿಡಿದದ್ದು ಅದೇ ಮೊದಲು.

ಪ್ರಶ್ನೆ: ಇಬ್ಬರಿಗೆ ಸಮ ಮತ ಬಂದರೆ?
– ಕಡೂರಿನ ಓದುಗರು

ಉತ್ತರ: ನಮ್ಮ ಪಂಚಾಯ್ತಿಯ ಹಾಗೇ ಚೀಟಿ. ಮೊದಲು ಮರುಎಣಿಕೆ, ಆಮೇಲೂ ಸಮವಾದರೆ ಚುನಾವಣಾಧಿಕಾರಿ ಅದೃಷ್ಟಕ್ಕೆ ಬಿಡುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. ಚೀಟಿಯೇ ಆಗಬೇಕೆಂದಿಲ್ಲ. 2017ರಲ್ಲಿ ನಾರ್ತಂಬರ್ಲ್ಯಾಂಡ್ ಕೌಂಟಿ ಕೌನ್ಸಿಲ್‌ನ ಒಂದು ಸೀಟಿಗೆ ಕಡ್ಡಿ ಎಳೆಸಿದರು. ಆ ಒಂದು ಕಡ್ಡಿಯಿಂದ ಕನ್ಸರ್ವೇಟಿವ್ ಪಕ್ಷ 67ರಲ್ಲಿ 33ಕ್ಕೆ ನಿಂತು ಬಹುಮತ ತಪ್ಪಿಸಿಕೊಂಡಿತು.

ಪ್ರಶ್ನೆ: ಅಲ್ಲಿ ಈಗಲೂ ಇವಿಎಂ ಇಲ್ಲವಂತೆ. ಮೂರು ಮೂರು ಗುರುತಿರುವ ಮತಪತ್ರಗಳನ್ನು ಕೈಯಲ್ಲಿ ಹೇಗೆ ಎಣಿಸುತ್ತಾರೆ? ಮತ ಹಾಳಾಗುವುದು ಎಲ್ಲಿ?
– ಹೊಳೆನರಸೀಪುರದ ಓದುಗರು

ಉತ್ತರ: ಕಾಗದ, ಪೆನ್ಸಿಲ್, ಕತ್ತರಿ (X) ಗುರುತು; ಅಷ್ಟೇ. ನಮ್ಮಲ್ಲೂ 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆ ಬೀದರ್ ಬಿಟ್ಟು ಉಳಿದೆಡೆ ಮತಪತ್ರದಲ್ಲೇ ನಡೆದದ್ದು.

ಎಣಿಕೆಗೆ ಎರಡು ಹಂತ. ಮೊದಲನೆಯದು ತಾಳೆ: ಪ್ರತಿ ಮತಗಟ್ಟೆಯ ಅಧಿಕಾರಿ ಬರೆದುಕೊಟ್ಟ ಲೆಕ್ಕಕ್ಕೂ ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರಕ್ಕೂ ಸರಿಹೋಗುತ್ತದೆಯೇ ಎಂದು ನೋಡುವುದು. ಮತದಾನ ಪ್ರಮಾಣದ ಅಂಕಿ ಹೊರಬರುವುದು ಇಲ್ಲಿಂದ. ಆಮೇಲೆ ವಿಂಗಡಣೆ. ಮೂರೂ ಗುರುತು ಒಂದೇ ಪಕ್ಷದ ಮೂವರಿಗಿದ್ದರೆ ಆ ಮತಪತ್ರಗಳನ್ನು ಕಟ್ಟು ಕಟ್ಟಿಬಿಡುತ್ತಾರೆ, ಒಂದು ಕಟ್ಟು ಎಣಿಸಿದರೆ ಮೂವರಿಗೂ ಅಷ್ಟಷ್ಟು. ತಲೆನೋವು ಕಲಬೆರಕೆಯವು: ಇಬ್ಬರು ಈ ಪಕ್ಷದವರು, ಒಬ್ಬರು ಆ ಪಕ್ಷದವರು. ಇವುಗಳನ್ನು ದೊಡ್ಡ ಹಾಳೆಯ ಮೇಲೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ, ಗುರುತಿನ ಕಲಂ ಮಾತ್ರ ಕಾಣುವ ಹಾಗೆ ಜೋಡಿಸಿ ಅಂಟಿಸುತ್ತಾರೆ. ಪ್ರತಿ ಅಭ್ಯರ್ಥಿಯ ಸಾಲಿನುದ್ದಕ್ಕೂ ಗುರುತು ಎಣಿಸಿ ಕೊನೆಗೆ ಮೊತ್ತ ಬರೆಯುತ್ತಾರೆ. ಅಂಚಿನಿಂದ ಮತಪತ್ರಗಳು ಜೋತಾಡುವುದರಿಂದ ಎಣಿಕೆಯವರ ಬಾಯಲ್ಲಿ ಇದರ ಹೆಸರು ‘ಗ್ರಾಸ್ ಸ್ಕರ್ಟ್’, ಹುಲ್ಲಿನ ಲಂಗ. ತಪ್ಪು ನುಸುಳುವುದೂ ಇಲ್ಲೇ: ಮತಪತ್ರ ಒಂದು ಗೆರೆ ಜಾರಿದರೆ ಮತ ಪಕ್ಕದವರ ಸಾಲಿಗೆ ಹೋಗುತ್ತದೆ. ಅಭ್ಯರ್ಥಿಯ ಏಜೆಂಟರು ಕಣ್ಣಿಡಬೇಕಾದದ್ದು ಕಟ್ಟಿನ ಮೇಲಲ್ಲ, ಈ ಲಂಗದ ಮೇಲೆ. ಮರುಎಣಿಕೆ ಬೇಕಿದ್ದರೆ ಘೋಷಣೆಗೆ ಮುಂಚೆ ಕೇಳಬೇಕು, ನ್ಯಾಯವೆನಿಸದಿದ್ದರೆ ಅಧಿಕಾರಿ ನಿರಾಕರಿಸಬಹುದು. ಘೋಷಣೆಯಾದ ಮೇಲೆ ಉಳಿಯುವುದು 21 ದಿನದೊಳಗೆ ಕೋರ್ಟಿಗೆ ಚುನಾವಣಾ ತಕರಾರು ಅರ್ಜಿ.

ತಿರಸ್ಕಾರಕ್ಕೆ ನಾಲ್ಕು ಕಾರಣ ಹಾಳೆಯಲ್ಲೇ ಅಚ್ಚಾಗಿರುತ್ತವೆ: ಅಧಿಕೃತ ಗುರುತಿಲ್ಲದ್ದು, ಹಕ್ಕಿಗಿಂತ ಹೆಚ್ಚು ಮತ ಹಾಕಿದ್ದು, ಮತದಾರ ಯಾರೆಂದು ಗೊತ್ತಾಗುವ ಬರಹವಿರುವುದು, ಖಾಲಿ ಅಥವಾ ಅಸ್ಪಷ್ಟವಾದದ್ದು. ಮೂರು ಸೀಟಿಗೆ ನಾಲ್ಕು ಗುರುತು ಹಾಕಿದರೆ ನಾಲ್ಕೂ ಹೋಯಿತು. ಸಹಿ ಹಾಕಿದರೂ ಅದೇ ಗತಿ. ಕತ್ತರಿ ಬದಲು ಟಿಕ್ ಹಾಕಿದ್ದು ನಡೆಯುತ್ತದೆ, ಉದ್ದೇಶ ತಿಳಿದರೆ ಸಾಕು.

ಪ್ರಶ್ನೆ: ಮಗ ವರ್ಕ್ ವೀಸಾದ ಮೇಲೆ ಹೋಗಿದ್ದಾನೆ, ಪಾಸ್‌ಪೋರ್ಟ್ ಭಾರತದ್ದೇ. ಅಲ್ಲಿನ ಚುನಾವಣೆಯಲ್ಲಿ ಮತ ಹಾಕಬಹುದು ಅನ್ನುತ್ತಾನೆ. ನಂಬುವ ಮಾತೇ?
– ಸಕಲೇಶಪುರದ ಓದುಗರು

ಉತ್ತರ: ನಂಬಿ. ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಚಾಲ್ತಿಯಲ್ಲಿದ್ದು, 18 ತುಂಬಿ, ಅಲ್ಲೇ ವಾಸವಿರುವ ಭಾರತೀಯರು ಕೌನ್ಸಿಲ್‌ಗೂ ಮತ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಬಹಳ ಮಂದಿ ಹೋದವರಿಗೇ ಇದು ಗೊತ್ತಿರುವುದಿಲ್ಲ.

ಪಟ್ಟಿಗೆ ಹೆಸರು ತಾನಾಗಿ ಸೇರುವುದಿಲ್ಲ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಬಾಗಿಲು ಮುಚ್ಚುತ್ತದೆ. ಅಂಚೆ ಮತ ಬೇಕಿದ್ದರೆ 11 ಕೆಲಸದ ದಿನ ಮುಂಚೆ ಸಂಜೆ 5ರೊಳಗೆ. ಕೆಲಸದ ದಿನ ಎಂದಾಗ ಶನಿವಾರ, ಭಾನುವಾರ, ಈಸ್ಟರ್ ರಜೆ ಎಲ್ಲ ಕಳೆಯಬೇಕು; ಎರಡು ವಾರ ಇದೆಯೆಂದು ಕೂತವರು ತಪ್ಪಿಸಿಕೊಳ್ಳುವುದು ಹೀಗೆ. ಓದಲು ಹೋದ ವಿದ್ಯಾರ್ಥಿಗಳಿಗೆ ಕಾಲೇಜಿನ ಊರು, ರಜೆಯ ಮನೆ ಎರಡೂ ಬೇರೆ ಬೇರೆ ಕೌನ್ಸಿಲ್‌ನಲ್ಲಿದ್ದರೆ ಎರಡು ಕಡೆಯೂ ಸ್ಥಳೀಯ ಮತ ಹಾಕುವ ಹಕ್ಕಿರಬಹುದು. ಪಾರ್ಲಿಮೆಂಟಿಗೆ ಮಾತ್ರ ಒಂದೇ.

2023ರ ಮೇ 4ರಿಂದ ಮತಗಟ್ಟೆಯಲ್ಲಿ ಫೋಟೋ ಗುರುತು ಕಡ್ಡಾಯವಾಗಿದೆ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸರಿ. ಆಧಾರ್, ನಮ್ಮ ಡ್ರೈವಿಂಗ್ ಲೈಸೆನ್ಸ್, ಕಂಪನಿಯ ಬ್ಯಾಡ್ಜ್, ಫೋನಿನಲ್ಲಿರುವ ಫೋಟೋ ಯಾವುದೂ ಆಗದು. ಏನೂ ಇಲ್ಲದವರಿಗೆ ಕೌನ್ಸಿಲ್ ಉಚಿತವಾಗಿ ಮತದಾರರ ಪ್ರಮಾಣಪತ್ರ ಕೊಡುತ್ತದೆ, 6 ಕೆಲಸದ ದಿನ ಮುಂಚೆ ಸಂಜೆ 5ರೊಳಗೆ ಕೇಳಬೇಕು.

ನಮ್ಮ ಕಡೆಯವರಿಗೆ ತೊಡಕಾಗುವುದು ಇನಿಷಿಯಲ್. ಊರಿನ ಹೆಸರು, ತಂದೆಯ ಹೆಸರು ಸೇರಿ ಎರಡಕ್ಷರವಾಗಿ ಮುಂದಿದ್ದದ್ದು ಪಾಸ್‌ಪೋರ್ಟಿನಲ್ಲಿ ಹಿಗ್ಗಿ ಕುಲನಾಮವಾಗಿರುತ್ತದೆ. ಮತದಾರರ ಪಟ್ಟಿಗೆ ಅರ್ಜಿ ಹಾಕುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಲು ಹೇಳಿ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳು ಮದುವೆ ಪ್ರಮಾಣಪತ್ರವನ್ನೂ ಒಯ್ಯಲಿ.

ಸ್ಪರ್ಧಿಸುವುದು ಬೇರೆ ಮಾತು. ವೀಸಾ ಸಾಲದು, ಅನಿರ್ದಿಷ್ಟಾವಧಿ ವಾಸದ ಅನುಮತಿ ಸಿಕ್ಕಿರಬೇಕು. ಜೊತೆಗೆ ಆ ಕೌನ್ಸಿಲ್‌ನ ಮತದಾರರಾಗಿರಬೇಕು, ಇಲ್ಲವೇ 12 ತಿಂಗಳಿಂದ ಅಲ್ಲಿ ವಾಸ, ಕೆಲಸ ಅಥವಾ ಆಸ್ತಿ ಇರಬೇಕು. ಅದೇ ಕೌನ್ಸಿಲ್‌ನ ನೌಕರರಾಗಿರಬಾರದು.

ಪ್ರಶ್ನೆ: ಠೇವಣಿ ಎಷ್ಟು?
– ತರೀಕೆರೆಯ ಓದುಗರು

ಉತ್ತರ: ಕೌನ್ಸಿಲ್‌ಗೆ ಠೇವಣಿ ಇಲ್ಲ; ಪಾರ್ಲಿಮೆಂಟಿಗೆ 500 ಪೌಂಡ್. ನಾಮಪತ್ರಕ್ಕೆ ಹಿಂದೆ ಆ ವಾರ್ಡಿನ 10 ಮತದಾರರ ಸಹಿ ಬೇಕಿತ್ತು, ಈಗ ಸೂಚಕರು, ಅನುಮೋದಕರು ಇಬ್ಬರು ಸಾಕು. ‘ಠೇವಣಿ ಕಳೆದುಕೊಂಡರು’ ಅನ್ನುವ ಸಾಲು ಕೌನ್ಸಿಲ್ ವರದಿಯಲ್ಲಿ ಕಂಡರೆ ಬರೆದವರಿಗೆ ವಿಷಯ ಗೊತ್ತಿಲ್ಲ.

ಪ್ರಶ್ನೆ: ಗೆದ್ದವರು ಸಭೆಗೇ ಬರದಿದ್ದರೆ?
– ಚನ್ನರಾಯಪಟ್ಟಣದ ಓದುಗರು

ಉತ್ತರ: ಗೆದ್ದ 2 ತಿಂಗಳಲ್ಲಿ ಅಧಿಕಾರ ಸ್ವೀಕಾರದ ಘೋಷಣೆಗೆ ಸಹಿ ಹಾಕದಿದ್ದರೆ ಸೀಟು ಖಾಲಿ. ಕೌನ್ಸಿಲ್ ಒಪ್ಪಿಗೆಯಿಲ್ಲದೆ ಸತತ 6 ತಿಂಗಳು ಯಾವ ಸಭೆಗೂ ಬರದಿದ್ದರೂ ಖಾಲಿ. ಖಾಲಿ ಎಂದು ಘೋಷಿಸಿದ ಮೇಲೆ ಇಬ್ಬರು ಮತದಾರರು ಬರೆದುಕೊಟ್ಟರೆ 35 ಕೆಲಸದ ದಿನದೊಳಗೆ ಉಪಚುನಾವಣೆ. ಆ ಸೀಟಿನ ಅವಧಿ ಮುಗಿಯಲು 6 ತಿಂಗಳೂ ಇಲ್ಲದಿದ್ದರೆ ಹಾಗೇ ಬಿಡುತ್ತಾರೆ.

ಪ್ರಶ್ನೆ: ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳನ್ನೇ ತೆಗೆದುಹಾಕುತ್ತಾರಂತೆ, ನಿಜವೇ? ನಮ್ಮ ಜಿಲ್ಲಾ ಪಂಚಾಯ್ತಿ ಚುನಾವಣೆ ತಡವಾದದ್ದು ನೋಡಿ ಕೇಳುತ್ತಿದ್ದೇನೆ.
– ಚಿಕ್ಕಮಗಳೂರಿನ ಓದುಗರು

ಉತ್ತರ: ಎರಡೂ ಬೇರೆ ಕಥೆ. ಇಲ್ಲಿ 2016ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ಸಕಾಲಕ್ಕೆ ನಡೆಯಲಿಲ್ಲ, ಸಂಸ್ಥೆ ಮಾತ್ರ ಇದೆ. ಅಲ್ಲಿ ಸಂಸ್ಥೆಯನ್ನೇ ಕರಗಿಸುವ ಯೋಚನೆ. ಕೌಂಟಿ, ಡಿಸ್ಟ್ರಿಕ್ಟ್ ಎರಡರ ಬದಲು ಒಂದೇ ‘ಯೂನಿಟರಿ’ ಕೌನ್ಸಿಲ್ ಮಾಡಬೇಕೆಂದು 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಶ್ವೇತಪತ್ರ ಹೊರಡಿಸಿತು. ಅದಕ್ಕೂ ಮುಂಚೆಯೇ, 2023ರ ಏಪ್ರಿಲ್ 1ರಂದು, ಕಂಬ್ರಿಯಾ, ನಾರ್ತ್ ಯಾರ್ಕ್‌ಶೈರ್, ಸಾಮರ್‌ಸೆಟ್‌ಗಳ ಡಿಸ್ಟ್ರಿಕ್ಟ್‌ಗಳು ಹೋಗಿದ್ದವು. ಅಂಥ ಕಡೆಯ ಹೊಸ ಫಲಿತಾಂಶದ ಪಕ್ಕ ‘ಗೇನ್’ (ಬೇರೆ ಪಕ್ಷದಿಂದ ಕಿತ್ತುಕೊಂಡದ್ದು), ‘ಹೋಲ್ಡ್’ (ಉಳಿಸಿಕೊಂಡದ್ದು) ಎಂದು ಬರೆದಿದ್ದರೆ ಯಾವುದಕ್ಕೆ ಹೋಲಿಸಿದ್ದಾರೆಂದು ಕೇಳಿ. ಹಳೇ ವಾರ್ಡಿನ ಗಡಿ ಉಳಿದಿರುವುದಿಲ್ಲ.

ಪ್ರಶ್ನೆ: ಫಲಿತಾಂಶ ನಮ್ಮ ಗಡಿಯಾರಕ್ಕೆ ಯಾವಾಗ ಬರುತ್ತದೆ?
– ಕೊಪ್ಪದ ಓದುಗರು

ಉತ್ತರ: ಮೇ ತಿಂಗಳಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮತದಾನ ಗುರುವಾರ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಅಂದರೆ ಮುಗಿಯುವಾಗ ನಮಗೆ ಶುಕ್ರವಾರ ಬೆಳಗಿನ ಜಾವ 2.30. ರಾತ್ರಿಯೇ ಎಣಿಸುವ ಕೌನ್ಸಿಲ್‌ಗಳದ್ದು ಶುಕ್ರವಾರ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತದೆ. ಮರುದಿನ ಎಣಿಸುವ ಕಡೆ ಶುಕ್ರವಾರ ಸಂಜೆಯಿಂದ ರಾತ್ರಿಯವರೆಗೆ, ಕೆಲವು ಶನಿವಾರಕ್ಕೂ ಜಾರುತ್ತವೆ. ಆಯಾ ಕೌನ್ಸಿಲ್‌ನ ಜಾಲತಾಣದಲ್ಲಿ ವಾರ್ಡ್‌ವಾರು ‘ಡಿಕ್ಲರೇಷನ್ ಆಫ್ ರಿಸಲ್ಟ್ ಆಫ್ ಪೋಲ್’ ಹಾಳೆ ಹುಡುಕಿ. ಮತಪತ್ರದ ಸಂಖ್ಯೆ, ತಿರಸ್ಕೃತ ಮತದ ಕಾರಣ ಎಲ್ಲ ಅದರಲ್ಲಿರುತ್ತದೆ.